ಹೊರಗೆ ಬೀಗ, ಒಳಗೆ ಬಾಡಿಗೆದಾರ

ತಿಂಗಳ ಐದನೇ ತಾರೀಕು ಬಾಡಿಗೆ ಮನೆಯವರ ಪಾಲಿಗೆ ತಪ್ಪದೆ ಬರುವ ನೆಂಟನಿದ್ದ ಹಾಗೆ. ಬಂದೇ ಬರುತ್ತಾನೆ ಎಂದು ಗೊತ್ತಿದ್ದರೂ ಬಾಗಿಲು ತಟ್ಟಿದಾಗ ಎದೆ ಧಸಕ್ಕೆನ್ನುತ್ತದೆ. ನಮ್ಮ ಬೀಗದಣ್ಣನಿಗೆ ಆ ತಿಂಗಳು ಒಂದನೇ ತಾರೀಕಿಗೇ ಎದೆ ಧಸಕ್ಕೆಂದಿತ್ತು.

ಬೀಗದಣ್ಣ ಎಂದರೆ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಪಕ್ಕ ಒಂದು ಪೆಟ್ಟಿಗೆ ಅಂಗಡಿ, ಅದರ ಮುಂದೆ ಗೊಂಚಲು ಗೊಂಚಲಾಗಿ ತೂಗುವ ಕೀಲಿಗಳು, ಒಂದು ಅರ, ಒಂದು ಇಕ್ಕಳ, ಒಂದು ಪುಟ್ಟ ಸುತ್ತಿಗೆ. ಕೀಲಿ ಕಳೆದುಕೊಂಡು ತಮ್ಮ ಮನೆಯ ಮುಂದೆ ತಾವೇ ಪೆಚ್ಚುಮೋರೆ ಹಾಕಿಕೊಂಡು ನಿಂತವರೆಲ್ಲ ಅವನಿಗೆ ಫೋನ್ ಮಾಡುತ್ತಿದ್ದರು. ಎಂಥ ಬೀಗವನ್ನಾದರೂ ಮುರಿಯದೆ ತೆಗೆಯುತ್ತಾನೆ ಎಂಬ ಹೆಸರು ಅವನಿಗಿತ್ತು. ಬಾಯಿ ತೆಗೆಯುವುದೊಂದು ಮಾತ್ರ ಅವನಿಗೆ ಬರುತ್ತಿರಲಿಲ್ಲ.

ಅದರ ಹಿಂದಿನ ತಿಂಗಳು ಅವನಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಒಂದು ಹಾಸ್ಟೆಲಿನ ಅಷ್ಟೂ ಕೋಣೆಗಳಿಗೆ ಹೊಸ ಬೀಗ ಕೂರಿಸಬೇಕು. ಬೀಗಗಳನ್ನು ಅವನೇ ಕೈಯಿಂದ ದುಡ್ಡು ಹಾಕಿ ತಂದ, ಬೆನ್ನು ಬಗ್ಗಿಸಿ ಕೂರಿಸಿದ, ಬಿಲ್ ಕೊಟ್ಟ. ಹಾಸ್ಟೆಲ್ ಮ್ಯಾನೇಜರ್ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೇಲಿನವರ ಸಹಿ ಆಗಬೇಕು, ಇಪ್ಪತ್ತರ ಮೇಲೆ ಬಾ ಎಂದುಬಿಟ್ಟ. ಬಾಡಿಗೆಗೆಂದು ಎತ್ತಿಟ್ಟಿದ್ದ ದುಡ್ಡೆಲ್ಲ ಈಗ ಹಾಸ್ಟೆಲಿನ ಬಾಗಿಲುಗಳಲ್ಲಿ ನೇತಾಡುತ್ತಿತ್ತು.

ಇಲ್ಲಿಯವರೆಗೆ ಬೀಗದಣ್ಣನದು ಏನೂ ತಪ್ಪಿಲ್ಲ. ದುಡಿಯುವವರ ದುಡ್ಡು ತಡವಾಗಿ ಕೈ ಸೇರುವುದು ಲೋಕದಲ್ಲಿ ಹೊಸದೂ ಅಲ್ಲ. ತಪ್ಪು ಮಾಡಿದ್ದು ಆಮೇಲೆ.

ಬೀಗದಣ್ಣ, ಅವನ ಹೆಂಡತಿ, ಅವನ ಅಮ್ಮ ಇದ್ದ ಮನೆ ಎರಡು ಕೋಣೆಯದು, ನೆಲಮಹಡಿ. ಮಂಡಿನೋವಿನ ಅಮ್ಮ ಒಂದೇ ಒಂದು ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಬಸ್ ನಿಲ್ದಾಣ ಕೂಗಳತೆಯಲ್ಲಿತ್ತು, ಬಾಡಿಗೆಯೂ ಹೊರೆಯಾಗುವಂಥದ್ದಲ್ಲ. ಈ ಮನೆ ಕೈತಪ್ಪಿದರೆ ಅಮ್ಮನನ್ನು ಯಾವ ಮೂರನೇ ಮಹಡಿಗೆ ಹೊತ್ತುಕೊಂಡು ಹೋಗಬೇಕೋ ಎಂಬ ಚಿಂತೆ ಗಂಡ ಹೆಂಡತಿ ಇಬ್ಬರಿಗೂ ಇತ್ತು. ಮನೆಯ ಓನರಮ್ಮ ಎರಡು ಬೀದಿ ಆಚೆ ದಾರ, ಗುಂಡಿ, ಎಲಾಸ್ಟಿಕ್ ಮಾರುವ ಅಂಗಡಿ ಇಟ್ಟುಕೊಂಡಿದ್ದ ವಯಸ್ಸಾದ ಹೆಂಗಸು. ಅವರ ಬಾಯಿ ಜೋರು. ಮನಸ್ಸು ಹೇಗೋ ಬೀಗದಣ್ಣನಿಗೆ ಗೊತ್ತಿರಲಿಲ್ಲ, ಏಕೆಂದರೆ ಬಾಯಿ ದಾಟಿ ಮನಸ್ಸಿನವರೆಗೆ ಹೋಗುವ ಧೈರ್ಯ ಅವನು ಯಾವತ್ತೂ ಮಾಡಿರಲಿಲ್ಲ.

ಎರಡನೇ ತಾರೀಕು ಬೆಳಿಗ್ಗೆ ಟೀ ಕುಡಿಯುವಾಗ ಹೆಂಡತಿ ಮಾತು ತೆಗೆದಳು. ಅವಳು ಎರಡು ಬಸ್ ಹತ್ತಿ ಹೋಗಿ ಒಂದು ಟೈಲರ್ ಅಂಗಡಿಯಲ್ಲಿ ಹೊಲಿಯುವವಳು.

"ರೀ, ಇವತ್ತೇ ಹೋಗಿ ಓನರಮ್ಮನಿಗೆ ಹೇಳ್ಬಿಡಿ. ಈ ತಿಂಗಳು ಬಾಡಿಗೆ ತಡ ಆಗುತ್ತೆ, ಇಂಥ ದಿನ ಕೊಡ್ತೀನಿ ಅಂತ."

"ಹೇಳಿದ್ರೆ ಬೈತಾರೆ ಕಣೇ."

"ಹೇಳ್ದೆ ಇದ್ರೆ?"

"ಐದನೇ ತಾರೀಕಿನ ತನಕ ಬೈಯಲ್ಲ."

ಹೆಂಡತಿ ಲೋಟ ಕೆಳಗಿಟ್ಟಳು. "ನಮ್ಮ ಅಂಗಡಿ ಗಿರಾಕೀನೇ ತಗೊಳ್ಳಿ. ಪ್ಯಾಂಟು ಶನಿವಾರ ಆಗಲ್ಲ, ಮಂಗಳವಾರ ಕೊಡ್ತೀನಿ ಅಂತ ಗುರುವಾರಾನೇ ಹೇಳಿದ್ರೆ ಮುಖ ಗಂಟು ಹಾಕ್ಕೊಂಡು ಹೋಗ್ತಾರೆ, ಅಷ್ಟೇ. ಬೇರೆ ಪ್ಯಾಂಟು ಹುಡುಕ್ಕೋತಾರೆ. ಶನಿವಾರ ಬಂದು ನಿಂತಾಗ ಹೇಳಿ ನೋಡಿ, ನನ್ನ ಕತ್ತರೀನ ನನಗೇ ತೋರಿಸ್ತಾರೆ."

ಪ್ಯಾಂಟು ಬೇರೆ, ಬಾಡಿಗೆ ಬೇರೆ ಎಂದು ಬೀಗದಣ್ಣ ವಾದಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆಯನ್ನೂ ಅಡ್ಡ ಹಿಡಿದ. ಬಾಯಿ ಬಿಡಲು ಹೆದರುವವರಿಗೆ ಈ ಗಾದೆ ಒಳ್ಳೆಯ ಛತ್ರಿ. ಅಷ್ಟಕ್ಕೂ ಹೇಳಲೇಬೇಕಾಗಿ ಬಂದರೆ ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಖರ್ಚಾಯಿತು ಎಂದರಾಯಿತು ಎಂದೂ ಸೇರಿಸಿದ. ಮಂಚದ ಮೇಲೆ ಕೂತಿದ್ದ ಅಮ್ಮನ ಕಿವಿ ಚುರುಕಾಗಿತ್ತು.

"ನನ್ನನ್ಯಾಕೋ ಮಲಗಿಸ್ತೀಯಾ? ಬೇಕಿದ್ರೆ ನೀನೇ ಮಲಕ್ಕೋ," ಎಂದಳು ಅಮ್ಮ.

ಹಾಗೆ ಎರಡು ಹೋಯಿತು, ಮೂರು ಹೋಯಿತು. ನಾಲ್ಕನೇ ತಾರೀಕು ಅವನು ಓನರಮ್ಮನ ಅಂಗಡಿಯ ಬೀದಿಯ ತುದಿಯವರೆಗೂ ಹೋದ. ಅಲ್ಲಿ ಒಬ್ಬ ಗಿರಾಕಿ ಗುಂಡಿಯ ಬಣ್ಣ ಹೊಂದುತ್ತಿಲ್ಲವೆಂದು ವಾಪಸು ತಂದಿದ್ದ, ಓನರಮ್ಮ ಅವನಿಗೆ ಬಣ್ಣ ಎಂದರೇನೆಂದು ಇಡೀ ಬೀದಿಗೆ ಕೇಳುವಂತೆ ವಿವರಿಸುತ್ತಿದ್ದರು. ಬೀಗದಣ್ಣ ಅಲ್ಲಿಂದಲೇ ಹಿಂದಿರುಗಿದ. ದಾರಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಬೀಗದವನಿಗಲ್ಲದೆ ಇನ್ನಾರಿಗೂ ಹೊಳೆಯಲಾರದ ಉಪಾಯ ಅದು.

ಐದನೇ ತಾರೀಕು ಬೆಳಿಗ್ಗೆ ಅವನು ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದ. ಅಂತಿಂಥ ಬೀಗವಲ್ಲ, ತಾನೇ ಕೂತು ಅರದಲ್ಲಿ ತಿಕ್ಕಿ ತಿಕ್ಕಿ ಮಾಡಿದ ಹಿತ್ತಾಳೆಯ ಬೀಗ. ಅದರ ಕೀಲಿಯನ್ನು ಮೊದಲು ಉಲ್ಟಾ ತಿರುಗಿಸಿ ಆಮೇಲೆ ಸರಿಯಾಗಿ ತಿರುಗಿಸಿದರೆ ಮಾತ್ರ ತೆರೆದುಕೊಳ್ಳುತ್ತಿತ್ತು. ಬೀಗ ಜಡಿದು, ಮನೆ ಸುತ್ತಿ, ಹಿಂದಿನ ಓಣಿಯಿಂದ ಹಿತ್ತಲ ಬಾಗಿಲಲ್ಲಿ ಒಳಗೆ ಬಂದ. ಆ ಓಣಿಯ ಆಚೆ ಬರೀ ಒಂದು ಗೋದಾಮಿನ ಗೋಡೆ, ನೆಲದ ತುಂಬ ಪಾಚಿ. ಒಮ್ಮೆ ಅಲ್ಲಿ ಜಾರಿ ಬಿದ್ದಿದ್ದ ಓನರಮ್ಮ ಮತ್ತೆ ಆ ಕಡೆ ಕಾಲಿಟ್ಟಿರಲಿಲ್ಲ. ಫೋನನ್ನೂ ಆಫ್ ಮಾಡಿದ. ಅಂಗಡಿ ತೆಗೆದರೆ ಓನರಮ್ಮ ಅಲ್ಲಿಗೆ ಬಂದಾರೆಂದು ಅಂಗಡಿಯನ್ನೂ ತೆಗೆಯಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಓನರಮ್ಮ ಸಂಜೆ ಬಂದರು. ಬಾಗಿಲ ಮುಂದೆ ನಿಂತರು. ಬೀಗ ಹಿಡಿದು ಎಳೆದರು. ಒಳಗೆ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದರು. ಬೀಗ ಒಂದಿಷ್ಟೂ ಅಲುಗದ್ದನ್ನು ಕೇಳಿ ಬೀಗದಣ್ಣನಿಗೆ ಆ ಭಯದಲ್ಲೂ ಒಳಗೊಳಗೇ ಹೆಮ್ಮೆ. ಓನರಮ್ಮ ಏನೋ ಗೊಣಗಿಕೊಂಡು ಹೋದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು.

ಮನೆಯ ಪಾಡು ಕೇಳಬೇಡಿ. ಕುಕ್ಕರಿಗೆ ಸೀಟಿ ಹಾಕುವಂತಿಲ್ಲ. ಸಂಜೆ ದೀಪ ಹಚ್ಚುವಂತಿಲ್ಲ. ಹೆಂಡತಿ ಟಿಫಿನ್ ಡಬ್ಬಿ ಹಿಡಿದುಕೊಂಡು ಪಾಚಿಯ ಮೇಲೆ ಜಾರುತ್ತ ತೂರಾಡುತ್ತ ಕೆಲಸಕ್ಕೆ ಹೋಗಿ ಬರಬೇಕು. ಅಮ್ಮನಿಗೆ ಸೀನಿನ ಕಾಯಿಲೆ, ಒಂದು ಶುರುವಾದರೆ ಸಾಲುಸಾಲಾಗಿ ಬರುತ್ತಿತ್ತು. ಸೀನು ಬಂದಾಗಲೆಲ್ಲ ಬೀಗದಣ್ಣ ಓಡಿ ಬಂದು ದಿಂಬು ಹಿಡಿಯುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅವರ ಸಂಸಾರ ಸಾಗುತ್ತಿತ್ತು. ಬಾಡಿಗೆ ಕೊಡಲು ದುಡ್ಡಿಲ್ಲವೆಂದು ಅಡಗಿ ಕೂತವನು, ಅಡಗಿ ಕೂತದ್ದರಿಂದ ದುಡ್ಡು ದುಡಿಯಲಾಗದೆ ಕೂತ. ಇದಕ್ಕಿಂತ ದೊಡ್ಡ ಮೂರ್ಖತನ ನಾನಂತೂ ಕಂಡಿಲ್ಲ, ಆದರೆ ಇಂಥದ್ದೇ ಸಣ್ಣಪುಟ್ಟ ಮೂರ್ಖತನ ನಾವೆಲ್ಲ ಮಾಡಿರುತ್ತೇವೆ.

ವಾರ ಕಳೆದ ಮೇಲೆ ಒಂದು ಸಂಜೆ ಓನರಮ್ಮ ಒಬ್ಬರೇ ಬರಲಿಲ್ಲ. ಹೊರಗೆ ಗಂಡಸಿನ ದನಿಯೊಂದು ಕೇಳಿಸಿತು. ಬೀಗದಣ್ಣ ಬಾಗಿಲಿಗೆ ಕಿವಿ ಹಚ್ಚಿದ.

"ಇದೇ ಮನೆ ನೋಡಪ್ಪ," ಎಂದು ಓನರಮ್ಮ ಹೇಳುತ್ತಿದ್ದರು. "ಇದ್ದವರು ಹೇಳ್ದೆ ಕೇಳ್ದೆ ಹೊರಟುಹೋಗಿದ್ದಾರೆ. ಫೋನೂ ಇಲ್ಲ. ನಾಳೆ ಬೀಗ ತೆಗೆಸಿ, ಸುಣ್ಣ ಹೊಡೆಸಿ ನಿನಗೆ ಕೊಡ್ತೀನಿ."

ಬಂದವನು ಬಸ್ ಡ್ರೈವರ್ ಎಂದು ಮಾತಿನಿಂದ ತಿಳಿಯಿತು. ಅವನಿಗೂ ನೆಲಮಹಡಿಯೇ ಬೇಕಿತ್ತು. ಮನೆ ಹೊರಗಿನಿಂದಲೇ ಇಷ್ಟವಾಯಿತು, ನಾಳೆ ಸಂಜೆ ಡ್ಯೂಟಿ ಮುಗಿಸಿ ಈಗಿರುವ ಮನೆಯ ಓನರಿಗೆ ಮನೆ ಬಿಡುತ್ತೇನೆ ಅಂತ ಹೇಳಿಬಿಡುತ್ತೇನೆ, ತಿಂಗಳ ಮೊದಲೇ ಹೇಳಬೇಕಲ್ಲ ಎಂದು ಹೇಳಿ ಹೋದ.

ಬೀಗದಣ್ಣ ಬಾಗಿಲಿಂದ ಕಿವಿ ತೆಗೆದ. ತಡವಾದದ್ದು ಬಾಡಿಗೆ ಮಾತ್ರ ಎಂದು ಅವನು ತಿಳಿದಿದ್ದ. ಈಗ ನೋಡಿದರೆ ಮನೆಯೇ ಹೋಗುವುದರಲ್ಲಿತ್ತು. ಅಮ್ಮ ಮಂಚದ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಅವಳನ್ನು ನೋಡಿ ಅವನಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಹೆಂಡತಿ ಬಾಗಿಲು ತೆಗೆಯಲು ಎದ್ದಳು, ಆದರೆ ಬೀಗ ಹೊರಗಿತ್ತು. ಹಿತ್ತಲಿಂದ ಸುತ್ತಿ ಬರುವಷ್ಟರಲ್ಲಿ ಓನರಮ್ಮ ಹೊರಟುಹೋಗಿದ್ದರು. ಅವರ ಮನೆಗೇ ಹೋಗಿ ಹೇಳಿ ಬರುತ್ತೇನೆ ಎಂದು ಅವಳು ಚಪ್ಪಲಿ ಮೆಟ್ಟಿದಳು. ನಾಳೆ ಬೆಳಿಗ್ಗೆ ನಾನೇ ಹೋಗುತ್ತೇನೆ, ಅಮ್ಮನ ಆಣೆ ಎಂದು ಗಂಡ ಅಂಗಲಾಚಿದ. ಆಣೆ ಇಡಲು ಬೇರೆ ಯಾರೂ ಸಿಗಲಿಲ್ಲವೇ ಎಂದು ಅಮ್ಮ ರೇಗಿದಳು.

ಮರುದಿನ ಹೆಂಡತಿಗೆ ರಜೆ. ಬೀಗದಣ್ಣ ಹೊರಡುವುದರಲ್ಲೇ ಇದ್ದ. ಅಂಗಿ ಹಾಕಿದ, ಬಿಚ್ಚಿ ಇನ್ನೊಂದು ಹಾಕಿದ. ಇನ್ನೊಂದು ಲೋಟ ಟೀ ಕೇಳಿದ. ಬಿಸಿಲು ಇಳಿಯಲಿ ಎಂದ. ಹೊರಡಲು ಮನಸ್ಸಿಲ್ಲದವನಿಗೆ ಚಪ್ಪಲಿಯೂ ಸಿಗುವುದಿಲ್ಲ. ಅಷ್ಟರಲ್ಲಿ ಮುಂಬಾಗಿಲ ಹೊರಗೆ ಕಬ್ಬಿಣದ ಸಾಮಾನಿನ ಚೀಲ ದಡಾರನೆ ನೆಲಕ್ಕಿಟ್ಟ ಸದ್ದಾಯಿತು. ಓನರಮ್ಮ ಪೇಟೆಯ ಬೀಗದವನನ್ನು ಕರೆದುಕೊಂಡು ಬಂದಿದ್ದರು.

ಈ ಪೇಟೆಯ ಬೀಗದವನನ್ನು ಕಂಡರೆ ನಮ್ಮ ಬೀಗದಣ್ಣನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವನು ಬೀಗ ತೆಗೆಯುವುದಿಲ್ಲ, ಕೊಲ್ಲುತ್ತಾನೆ ಎನ್ನುತ್ತಿದ್ದ. ಈಗ ಅದೇ ಮನುಷ್ಯ ಬಾಗಿಲಾಚೆ ಕೂತು ತನ್ನ ಬೀಗದ ಬಾಯಿಗೆ ತಂತಿ ತುರುಕುವುದು ಕೇಳಿಸುತ್ತಿತ್ತು. ಬೀಗದಣ್ಣ ಹಲ್ಲು ಕಚ್ಚಿ ಸಹಿಸಿದ.

ಆ ಹೊತ್ತಿಗೇ ಅಮ್ಮನಿಗೆ ಸೀನು ಬಂತು. ದಿಂಬು ಸಿಗುವ ಮೊದಲೇ ಒಂದಾದ ಮೇಲೊಂದು ಹೊರಬಿದ್ದವು.

ಹೊರಗೆ ತಂತಿಯ ಸದ್ದು ನಿಂತಿತು. ಆಮೇಲೆ ಓನರಮ್ಮನ ದನಿ ಎದ್ದಿತು. ಒಳಗೆ ಕಳ್ಳ ಸೇರಿಕೊಂಡಿದ್ದಾನೆ, ಬೀಗ ಹಾಕಿದ ಮನೆ ಎಂದು ಹಿಂದಿನಿಂದ ನುಗ್ಗಿದ್ದಾನೆ ಎಂದು ಅವರು ಕೂಗಿದ ಕೂಗಿಗೆ ಬೀದಿಗೆ ಬೀದಿಯೇ ಸೇರಿತು. ಇಬ್ಬರು ದೊಣ್ಣೆ ಹಿಡಿದು ಹಿಂದಿನ ಓಣಿಗೆ ಹೋಗಿ ಹಿತ್ತಲ ಬಾಗಿಲಿಗೆ ಕಾವಲು ನಿಂತರು. ಒಬ್ಬ ಪಾಚಿಯ ಮೇಲೆ ಬಿದ್ದದ್ದೂ ಕೇಳಿಸಿತು. ಬೀದಿಯವರಲ್ಲಿ ಯಾರೋ, ಈ ಮನೆಯವನೇ ಬೀಗದ ಕೆಲಸದವನಲ್ಲವೇ, ಅವನಿಗೇ ಫೋನ್ ಮಾಡಿ ಎಂದು ಬುದ್ಧಿ ಹೇಳಿದರು. ಅವನು ಫೋನ್ ಎತ್ತಿದ್ದರೆ ನಾನು ಇವನಿಗೆ ಯಾಕೆ ದುಡ್ಡು ದಂಡ ಮಾಡುತ್ತಿದ್ದೆ ಎಂದರು ಓನರಮ್ಮ.

ಒಳಗೆ ಹೆಂಡತಿ ಕೈಕಟ್ಟಿಕೊಂಡು ಗೋಡೆಗೊರಗಿ ಕೂತಳು. ಈಗ ನೀವುಂಟು, ನಿಮ್ಮ ಬೀಗ ಉಂಟು ಎನ್ನುವ ಹಾಗಿತ್ತು ಅವಳ ಮುಖ. ಬೀಗದಣ್ಣನಿಗೆ ಹಿಂದೆ ದೊಣ್ಣೆ, ಮುಂದೆ ಓನರಮ್ಮ.

ಪೇಟೆಯವನು ಎಣ್ಣೆ ಸುರಿದ. ಬೀಗದೊಳಗೆ ಎಣ್ಣೆ ಸುರಿದರೆ ಧೂಳು ಮೆತ್ತಿಕೊಂಡು ಬೀಗ ಹಾಳಾಗುತ್ತದೆ, ಪೆನ್ಸಿಲ್ ಪುಡಿ ಹಾಕಬೇಕು ಎಂಬುದು ಬೀಗದಣ್ಣನ ಕಟ್ಟಾ ನಂಬಿಕೆ. ಅದನ್ನೂ ನುಂಗಿಕೊಂಡ. ಇದೊಂದು ತಗಡು ಬೀಗ ಅಮ್ಮ, ಯಾರೋ ಕಲಿಯೋನು ಮಾಡಿರೋದು ಎಂದ ಪೇಟೆಯವನು. ಅದನ್ನೂ ನುಂಗಿಕೊಂಡ, ಗಂಟಲು ಮಾತ್ರ ಉಬ್ಬಿತು. ಆಮೇಲೆ ಪೇಟೆಯವನು ಚೀಲದಿಂದ ದೊಡ್ಡ ಸುತ್ತಿಗೆ ಎಳೆದುಕೊಂಡ ಸದ್ದು ಕೇಳಿಸಿತು. ಅದನ್ನು ಕಸುಬುದಾರನ ಹೊಟ್ಟೆ ತಡೆದುಕೊಳ್ಳಲಿಲ್ಲ.

"ಹೊಡೀಬೇಡ," ಎಂದು ಒಳಗಿನಿಂದ ದನಿ ಬಂತು. "ಮೊದಲು ಉಲ್ಟಾ ತಿರುಗಿಸು. ಆಮೇಲೆ ಸರಿಯಾಗಿ ತಿರುಗಿಸು."

ಹೊರಗಿನವರು ಇನ್ನೂ ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಬಾಗಿಲ ಸಂದಿಯಿಂದ ಹಿತ್ತಾಳೆಯ ಕೀಲಿಯೊಂದು ಹೊರಗೆ ಸರಿಯಿತು. ಅದನ್ನು ನೂಕುತ್ತಿದ್ದ ಬೆರಳಿನ ತುದಿಯೂ ಕಂಡಿತು. ಕೀಲಿ ಕೊಡುವ ಕಳ್ಳನನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಮುದುಕರೊಬ್ಬರು ಹೇಳಿದರು.

ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೀಗದಣ್ಣ ನಿಂತಿದ್ದ. ಹಿಂದೆ ಹೆಂಡತಿ, ಅವಳ ಹಿಂದೆ ಮೂಗು ಒರೆಸಿಕೊಳ್ಳುತ್ತ ಅಮ್ಮ. ಓನರಮ್ಮನ ಕಣ್ಣು ಬೀಗದ ಮೇಲಿಂದ ಅವನ ಮೇಲೆ, ಅವನ ಮೇಲಿಂದ ಮತ್ತೆ ಬೀಗದ ಮೇಲೆ ಓಡಾಡಿತು. ಅಷ್ಟಾದರೂ ಬೀಗದಣ್ಣ ಬುದ್ಧಿ ಕಲಿಯಲಿಲ್ಲ. ಅಮ್ಮನಿಗೆ ಹುಷಾರಿಲ್ಲದೆ ಎಂದು ರಾಗ ತೆಗೆದ.

"ನಂಗೇನಾಗಿದೆ?" ಎಂದಳು ಅಮ್ಮ ಹಿಂದಿನಿಂದ. "ಗುಂಡುಕಲ್ಲಿನ ಹಾಗಿದ್ದೀನಿ."

ಬೀದಿ ಗೊಳ್ಳೆಂದು ನಕ್ಕಿತು. ಓನರಮ್ಮ ಮಾತ್ರ ನಗಲಿಲ್ಲ. ಎಲ್ಲರನ್ನೂ ಅವರವರ ಮನೆಗೆ ಗದರಿಸಿ ಕಳಿಸಿ, ಒಳಗೆ ಬಂದು ಮಂಚದ ತುದಿಗೆ ಕೂತರು. ಬೈಗುಳ ಬರುತ್ತದೆಂದು ಬೀಗದಣ್ಣ ತಲೆ ತಗ್ಗಿಸಿ ನಿಂತ. ಆದರೆ ಅವರ ದನಿ ಜೋರಾಗಲಿಲ್ಲ, ಇಳಿದೇ ಇತ್ತು.

"ಬಾಡಿಗೆ ತಡ ಆಗಿದ್ದಕ್ಕಲ್ಲಪ್ಪ ನಂಗೆ ಸಂಕಟ. ನಿನ್ನ ಬಾಡಿಗೆ ಬಂದ್ರೆ ಅದನ್ನೇ ನಾನು ದಾರದ ವ್ಯಾಪಾರಿಗೆ ಕೊಡಬೇಕು. ಅವನು ಬಂದು ಗಿರಾಕಿಗಳ ಮುಂದೆ ಕೈಚಾಚಿ ನಿಂತ, ನನ್ನ ಗಲ್ಲಾ ಖಾಲಿ. ಹೊಸ ಮಾಲು ಇಳಿಸದೆ ವಾಪಸು ತಗೊಂಡು ಹೋದ. ನೀನು ನಾಲ್ಕು ದಿನ ಮುಂಚೆ ಹೇಳಿದ್ರೆ ನಾನೂ ಅವನಿಗೆ ಮುಂಚೇನೇ ಹೇಳ್ತಿದ್ದೆ."

ಓನರಮ್ಮನಿಗೂ ಒಂದು ಐದನೇ ತಾರೀಕು ಇದೆ, ಅವರ ಬಾಗಿಲಿಗೂ ಒಬ್ಬ ಬಂದು ನಿಲ್ಲುತ್ತಾನೆ ಎಂಬುದು ಬೀಗದಣ್ಣನ ತಲೆಗೆ ಹೊಳೆದೇ ಇರಲಿಲ್ಲ.

ಹೊಸ್ತಿಲ ಮೇಲೆ ಸಾಮಾನು ಕಟ್ಟುತ್ತಿದ್ದ ಪೇಟೆಯವನು ಇನ್ನೊಂದು ಸುದ್ದಿ ಹೇಳಿದ. ಹಾಸ್ಟೆಲಿನಲ್ಲಿ ಬಾಗಿಲುಗಳ ಚಿಲಕ ಸರಿ ಮಾಡುವ ಕೆಲಸ ಬಂದಿತ್ತಂತೆ, ಕೈಮೇಲೆ ದುಡ್ಡು. ಮ್ಯಾನೇಜರ್ ಬೀಗದಣ್ಣನಿಗೆ ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್. ಕೊನೆಗೆ ತನ್ನನ್ನು ಕರೆದ ಎಂದ. ಜೊತೆಗೆ, ಬಾಗಿಲು ತೆಗೆದದ್ದು ನೀನೇ ಆದರೂ ನಾನು ಬಂದ ಕೂಲಿ ಕೊಡಬೇಕು ಎಂದೂ ಹೇಳಿದ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡ ಹಾಗಾಯಿತಲ್ಲ ಎಂದು ಅಮ್ಮ ಹಣೆ ಚಚ್ಚಿಕೊಂಡಳು.

ಆಗ ಹೆಂಡತಿ ಮುಂದೆ ಬಂದಳು. ಅವಳು ಅಳಲಿಲ್ಲ, ಕಥೆ ಕಟ್ಟಲಿಲ್ಲ.

"ತಪ್ಪು ನಮ್ದೇ ಅಮ್ಮ. ನನ್ನ ಸಂಬಳದಲ್ಲಿ ಅರ್ಧ ಬಾಡಿಗೆ ಆಗುತ್ತೆ, ಈಗಲೇ ತಗೊಳ್ಳಿ. ಉಳಿದದ್ದು ಹಾಸ್ಟೆಲ್ ಬಿಲ್ ಬಂದ್ಮೇಲೆ. ಇಪ್ಪತ್ತಕ್ಕೆ ಬರುತ್ತೆ ಅಂತಾರೆ, ಅವರ ಮಾತು ನಂಬೋಕಾಗಲ್ಲ, ನಾವು ಇಪ್ಪತ್ತೈದು ಅಂತ ಇಟ್ಕೊಳ್ಳೋಣ. ಇದನ್ನೇ ಫೋನಲ್ಲಿ ಮೆಸೇಜೂ ಹಾಕ್ತೀನಿ. ನಾಳೆ ನೀವು ಹಂಗಂದ್ರಿ, ನಾವು ಹಿಂಗಂದ್ವಿ ಅಂತ ಆಗ್ಬಾರ್ದು."

ಓನರಮ್ಮ ದುಡ್ಡು ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿದರು. ಮುಖ ಮಾತ್ರ ಸಡಿಲವಾಗಲಿಲ್ಲ. ಡ್ರೈವರಿಗೆ ಮಾತು ಕೊಟ್ಟಾಗಿದೆ ಎಂದರು. ಅಮ್ಮ ಎರಡೂ ಕೈಯಿಂದ ಮಂಚದ ಪಟ್ಟಿಯನ್ನು ಹಿಡಿದುಕೊಂಡಳು, ಈಗಲೇ ಯಾರೋ ಎಬ್ಬಿಸಿಬಿಡುತ್ತಾರೆ ಎನ್ನುವ ಹಾಗೆ.

ಓನರಮ್ಮ ಬೀಗದಣ್ಣನ ಕಡೆ ತಿರುಗಿದರು. "ಅವನಿಗೆ ನೀನೇ ಫೋನ್ ಮಾಡು. ಇದ್ದದ್ದು ಇದ್ದ ಹಾಗೆ ಹೇಳು. ಅವನು ಬಿಟ್ಟುಕೊಟ್ರೆ ನೀವಿರಿ. ಇಲ್ಲ ಅಂದ್ರೆ ನಾನು ಮಾತು ತಪ್ಪೋಳಲ್ಲ."

ಬೀಗದಣ್ಣ ಫೋನ್ ಆನ್ ಮಾಡಿದ. ವಾರದಿಂದ ಕಾದಿದ್ದ ಗಿರಾಕಿಗಳ ಸಂದೇಶಗಳೆಲ್ಲ ಟಿಣ್ ಟಿಣ್ ಎಂದು ಬಂದು ಮುಗಿಯಲು ತುಸು ಹೊತ್ತೇ ಹಿಡಿಯಿತು. ಆಮೇಲೆ ಓನರಮ್ಮ ಹೇಳಿದ ನಂಬರು ಒತ್ತಿದ. ಎಂಥೆಂಥ ತಿಜೋರಿ ತೆಗೆದವನಿಗೆ ಆ ಫೋನಿನ ಮುಂದೆ ನಾಲಿಗೆ ಹೊರಳಲಿಲ್ಲ. ಕೊನೆಗೆ ಹೇಗೋ ಹೇಳಿದ. ಮನೆ ನಾವು ಬಿಟ್ಟಿಲ್ಲ, ಬಾಡಿಗೆ ತಡವಾಯಿತೆಂದು ಹೆದರಿ ಒಳಗೆ ಅಡಗಿ ಕೂತಿದ್ದೆವು, ತಪ್ಪು ನನ್ನದು, ನಮ್ಮಮ್ಮನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ದಯವಿಟ್ಟು ಈ ಮನೆ ಬಿಟ್ಟುಕೊಡಿ ಎಂದ. ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಹೆಂಡತಿ ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಆ ಕಡೆಯಿಂದ ಮೊದಲು ಹಾರನ್ ಕೇಳಿಸಿತು. ಆಮೇಲೆ ಡ್ರೈವರ್ ಮಾತಾಡಿದ.

"ಬೇಜಾರಾಯ್ತು ಅಣ್ಣ, ಮನೆ ಚೆನ್ನಾಗಿತ್ತು. ಆದ್ರೂ ಈಗಲೇ ಹೇಳಿದ್ರಲ್ಲ, ಒಳ್ಳೇದಾಯ್ತು. ಸಂಜೆ ನಮ್ಮ ಓನರಿಗೆ ಮನೆ ಬಿಡ್ತೀನಿ ಅಂತ ಹೇಳೋನಿದ್ದೆ. ಅದಾದ್ಮೇಲೆ ನೀವು ಹೇಳಿದ್ದಿದ್ರೆ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ನಾನೇ ಬೀದೀಲಿ ನಿಲ್ಲಬೇಕಾಗ್ತಿತ್ತು. ಇರಲಿ, ನೀವೇ ಇರಿ."

ಬೀಗದಣ್ಣ ಫೋನ್ ಇಟ್ಟು ಗೋಡೆಗೆ ಒರಗಿದ. ಕಣ್ಣಲ್ಲಿ ನೀರು ಬಂತು, ಅದನ್ನು ಅವನು ಮುಚ್ಚಿಡಲಿಲ್ಲ. ಓನರಮ್ಮ ಎದ್ದು, ಪೇಟೆಯವನ ಕೂಲಿ ನೀನೇ ಕೊಡು ಎಂದು ಹೇಳಿ ಹೊರಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅವನು ಬುದ್ಧಿ ಕಲಿತನೋ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ. ಇಪ್ಪತ್ತು ಬಂತು, ಬಿಲ್ ಬರಲಿಲ್ಲ. 'ಮೇಲಿನವರು' ರಜೆಯ ಮೇಲೆ ಹೋಗಿದ್ದರು, ತಿಂಗಳ ಕೊನೆಗೆ ಖಂಡಿತ ಎಂದ ಮ್ಯಾನೇಜರ್. ಮಾತು ಕೊಟ್ಟಿದ್ದ ಇಪ್ಪತ್ತೈದಕ್ಕೆ ಇನ್ನೂ ದಿನಗಳಿದ್ದವು. ಆ ಸಂಜೆಯೇ ಬೀಗದಣ್ಣ ಓನರಮ್ಮನ ಅಂಗಡಿಗೆ ಹೊರಟ, ಹೆಂಡತಿ ಹೇಳದೆಯೇ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಪಾಠ ಒಪ್ಪಿಸುವ ಮಕ್ಕಳ ಹಾಗೆ ಬಾಯಲ್ಲೇ ಉರು ಹೊಡೆದ. ಅವರು ಹೀಗೆ ಬೈದರೆ ಹೀಗೆ ಹೇಳಬೇಕು, ಹಾಗೆ ಬೈದರೆ ಹಾಗೆ ಹೇಳಬೇಕು.

ಓನರಮ್ಮ ಎಲಾಸ್ಟಿಕ್ ಅಳೆಯುತ್ತಿದ್ದರು. ಅವನು ಒಂದೇ ಉಸಿರಿಗೆ ಹೇಳಿದ. ಉಳಿದ ಬಾಡಿಗೆ ಇಪ್ಪತ್ತೈದಕ್ಕೆ ಆಗುವುದಿಲ್ಲ, ಮೂವತ್ತನೇ ತಾರೀಕು ಕೊಡುತ್ತೇನೆ, ಬಿಲ್ ಬಾರದಿದ್ದರೆ ಅಂಗಡಿಯ ದುಡಿಮೆಯಿಂದಲಾದರೂ ಕೊಡುತ್ತೇನೆ.

"ಮೂವತ್ತು ತಾನೆ? ಸರಿ," ಎಂದರು ಓನರಮ್ಮ, ಅಳತೆಯಿಂದ ಕಣ್ಣೆತ್ತದೆ.

ಬೀಗದಣ್ಣ ಹಾಗೆಯೇ ನಿಂತಿದ್ದ. ಅವರು ದಾರದ ವ್ಯಾಪಾರಿಗೆ ಫೋನ್ ಮಾಡಿ, ಇಪ್ಪತ್ತೈದು ಬೇಡ, ಮೂವತ್ತೊಂದಕ್ಕೆ ಬಾ ಎಂದರು. ಅಲ್ಲೂ 'ಸರಿ' ಎಂದಿರಬೇಕು, ಫೋನ್ ಕೂಡಲೇ ಇಟ್ಟರು. ಇವನು ಇನ್ನೂ ನಿಂತೇ ಇದ್ದ.

"ಇನ್ನೇನಪ್ಪ?"

"ಏನಿಲ್ಲಮ್ಮ. ಅಷ್ಟೇನಾ?"

"ಯಾಕೆ, ಬೈಸ್ಕೊಂಡೇ ಹೋಗ್ಬೇಕು ಅಂತ ಬಂದಿದ್ಯಾ?"

ಮನೆಗೆ ಬರುವಾಗ ಬೀಗದಣ್ಣನಿಗೆ ನಗುವೂ ಬಂತು, ಸಿಟ್ಟೂ ಬಂತು. ಈ ಒಂದು 'ಸರಿ'ಗೆ ಹೆದರಿ ಅವನು ಹೆತ್ತ ತಾಯಿಯನ್ನು ಕತ್ತಲಲ್ಲಿ ಕೂರಿಸಿದ್ದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಾಡಿಗೆ ತಡವಾಗುವುದು ಅಪರಾಧವಲ್ಲ, ಯಾರ ಮನೆಯಲ್ಲಾದರೂ ಆಗಬಹುದು. ತಡವಾಗುತ್ತದೆ ಎಂದು ನಿಮಗೆ ಗೊತ್ತಾದ ದಿನವೇ ಓನರಿಗೂ ಗೊತ್ತಾಗಲಿ. ಇಲ್ಲದ ಕಾಯಿಲೆ ಹೇಳಬೇಡಿ, ಇರುವ ಕಾರಣ ಹೇಳಿ. ಕೈಯಲ್ಲಿ ಅರ್ಧವಿದ್ದರೆ ಅರ್ಧ ಕೊಡಿ. ಉಳಿದದ್ದಕ್ಕೆ ನಿಮ್ಮಿಂದ ಆಗುವ ತಾರೀಕನ್ನೇ ಹೇಳಿ, ಅದನ್ನು ಮೆಸೇಜಿನಲ್ಲೂ ಹಾಕಿ, ಆ ತಾರೀಕೂ ತಪ್ಪುವ ಹಾಗಿದ್ದರೆ ಮತ್ತೆ ಮುಂಚಿತವಾಗಿ ಹೇಳಿ. ಎಲ್ಲ ಓನರುಗಳೂ 'ಸರಿ' ಎನ್ನುತ್ತಾರೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಕೆಲವರು ಬೈಯುತ್ತಾರೆ, ಕೆಲವರು ಆಗುವುದಿಲ್ಲ ಎನ್ನಲೂಬಹುದು. ಆಗ ಬೇರೆ ದಾರಿ ಹುಡುಕಲು ನಿಮ್ಮ ಕೈಯಲ್ಲಿ ಕೆಲವು ದಿನಗಳಾದರೂ ಇರುತ್ತವೆ. ಅಡಗಿ ಕೂತವರ ಕೈಯಲ್ಲಿ ಅದೂ ಇರುವುದಿಲ್ಲ.

ಇವತ್ತು ಯಾವ ತಾರೀಕು? ಈ ತಿಂಗಳು ನಿಮ್ಮ ಬಾಡಿಗೆ ತಡವಾಗುವ ಹಾಗಿದ್ದರೆ ಈ ಹಾಳೆ ಕೆಳಗಿಟ್ಟು ಫೋನ್ ಕೈಗೆ ತಗೊಳ್ಳಿ. ಟೀ ಆಮೇಲೆ ಕುಡಿಯಬಹುದು.